ಬಳಕೆಯೋಗ್ಯತೆಯ ಪರೀಕ್ಷೆ ಮತ್ತು ಅದರ ಆರ್ಥಿಕ ಪ್ರಯೋಜನ: ಪಹಣಿ ಕೇಂದ್ರವನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಗಣಕಯಂತ್ರ ಮತ್ತು ಮನುಷ್ಯನ ನಡುವೆ ವ್ಯವಹಾರ ನಡೆಯುವ ಸ್ಥಳವನ್ನು ಇಂಟರ್‌ಫೇಸ್ ಎನ್ನುತ್ತಾರೆ. ಪ್ರಸ್ತುತ ಲೇಖನದಲ್ಲಿ ಅದನ್ನು ಸಂಪರ್ಕಮುಖ ಎಂದು ಕರೆಯಲಾಗಿದೆ. ಪರದೆ, ಕೀಲಿಮಣೆ, ಪರದೆಯ ಮೇಲಿನ ಪದಗಳು, ಅವುಗಳ ಕ್ರಮ, ತಪ್ಪಾದಾಗ ಯಂತ್ರ ನೀಡುವ ಸೂಚನೆ ಇವೆಲ್ಲವೂ ಸಂಪರ್ಕಮುಖದ ಅಂಗಗಳೇ. ಇದನ್ನು ತಂತ್ರಜ್ಞರ ವಿಷಯವೆಂದು ಬಗೆದು ಕನ್ನಡ ಅಧ್ಯಯನ ವಿಭಾಗಗಳು ದೂರ ಉಳಿದಿರುವುದೇ ಹೆಚ್ಚು. ಆದರೆ ಸಂಪರ್ಕಮುಖದ ಬಹುಭಾಗ ಭಾಷೆಯಿಂದಲೇ ಆಗಿದೆ. ಭಾಷೆ ತೊಡಕಾದಲ್ಲಿ ಯಂತ್ರವೂ ತೊಡಕಾಗುತ್ತದೆ. ಆ ತೊಡಕಿಗೆ ಯಾರೋ ಒಬ್ಬರು ಹಣ ತೆರಬೇಕಾಗುತ್ತದೆ. ಹೀಗೆ ತೆರುವವರು ಯಾರು, ಆ ವೆಚ್ಚವನ್ನು ಮೊದಲೇ ಕಂಡುಕೊಳ್ಳುವ ಬಗೆ ಯಾವುದು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೧. ಬಳಕೆಯೋಗ್ಯತೆ ಎಂದರೇನು?

ಒಂದು ಉಪಕರಣ ಕೆಲಸ ಮಾಡುತ್ತದೆಯೇ ಎಂಬುದು ಒಂದು ಪ್ರಶ್ನೆ; ಅದರಿಂದ ಜನ ಕೆಲಸ ಮಾಡಿಕೊಳ್ಳಬಲ್ಲರೇ ಎಂಬುದು ಇನ್ನೊಂದು ಪ್ರಶ್ನೆ. ಬಳಕೆಯೋಗ್ಯತೆ ಎರಡನೆಯದಕ್ಕೆ ಸಂಬಂಧಿಸಿದೆ. 1998ರಲ್ಲಿ ಪ್ರಕಟವಾಗಿ 2018ರಲ್ಲಿ ಪರಿಷ್ಕರಣೆಗೊಂಡ ಐಎಸ್‌ಒ 9241-11 ಎಂಬ ಅಂತಾರಾಷ್ಟ್ರೀಯ ಮಾನಕವು ಇದಕ್ಕೆ ಮೂರು ಅಳತೆಗಳನ್ನು ಕೊಡುತ್ತದೆ: ಉದ್ದೇಶಿತ ಕಾರ್ಯ ಈಡೇರಿತೇ, ಅದಕ್ಕೆ ಎಷ್ಟು ಶ್ರಮ ಮತ್ತು ಕಾಲ ಹಿಡಿಯಿತು, ಬಳಸಿದವನಿಗೆ ಸಮಾಧಾನವಾಯಿತೇ. ಈ ಅಳತೆಗಳನ್ನು ನಿರ್ದಿಷ್ಟ ಬಳಕೆದಾರ, ನಿರ್ದಿಷ್ಟ ಗುರಿ, ನಿರ್ದಿಷ್ಟ ಸಂದರ್ಭಗಳನ್ನು ಬಿಟ್ಟು ಹೇಳಲಾಗದು ಎಂಬುದು ಮಾನಕದ ಮುಖ್ಯ ಅಂಶ. ಬೆಂಗಳೂರಿನ ಕಚೇರಿಯೊಂದರಲ್ಲಿ ಸುಲಭವೆನಿಸಿದ ಪರದೆ ಆಳಂದದಲ್ಲಿಯೂ ಸುಲಭವಾಗಿರುತ್ತದೆ ಎನ್ನಲು ಆಧಾರವಿಲ್ಲ.

ಪರೀಕ್ಷೆಯ ವಿಧಾನ ಸರಳವಾದುದು. ನಿಜವಾದ ಬಳಕೆದಾರರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ನಿಜವಾದ ಕೆಲಸವೊಂದನ್ನು ಒಪ್ಪಿಸಿ, ಅವರು ಎಲ್ಲಿ ತಡವರಿಸುತ್ತಾರೆ, ಎಲ್ಲಿ ತಪ್ಪುತ್ತಾರೆ ಎಂಬುದನ್ನು ಮಧ್ಯೆ ಪ್ರವೇಶಿಸದೆ ಗಮನಿಸಿ ದಾಖಲಿಸುವುದು. ಕೆಲಸ ಮಾಡುತ್ತಲೇ ಮನಸ್ಸಿನಲ್ಲಿ ಬಂದುದನ್ನು ಬಾಯಿಬಿಟ್ಟು ಹೇಳುವಂತೆ ಅವರನ್ನು ಕೋರುವ ಪದ್ಧತಿಯೂ ರೂಢಿಯಲ್ಲಿದೆ. ಇಲ್ಲಿ ಪರೀಕ್ಷೆಗೆ ಒಳಗಾಗುವುದು ಮನುಷ್ಯನಲ್ಲ, ಯಂತ್ರ. ಇದನ್ನು ಪಾಲ್ಗೊಳ್ಳುವವರಿಗೆ ಮೊದಲೇ ತಿಳಿಸದಿದ್ದರೆ, ಶಾಲೆಯ ಪರೀಕ್ಷೆಯ ಭಯವುಳ್ಳವರು ತಪ್ಪನ್ನೆಲ್ಲ ತಮ್ಮ ಮೇಲೆಯೇ ಹೊತ್ತುಕೊಳ್ಳುತ್ತಾರೆ.

೨. ಎಷ್ಟು ಜನ ಬೇಕು?

ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಮಂಡಿಸಿದ ಮಾದರಿಯ ಪ್ರಕಾರ, ಒಬ್ಬ ಬಳಕೆದಾರ ಸರಾಸರಿ ಶೇ. 31ರಷ್ಟು ತೊಡಕುಗಳನ್ನು ಹೊರಗೆಡಹುತ್ತಾನೆ. ಎರಡನೆಯವನು ಕಾಣಿಸುವ ತೊಡಕುಗಳಲ್ಲಿ ಕೆಲವು ಮೊದಲಿನವೇ ಆಗಿರುವುದರಿಂದ ಹೊಸತು ಕಡಿಮೆಯಾಗುತ್ತ ಹೋಗುತ್ತದೆ. ಈ ಲೆಕ್ಕದಂತೆ ಮೂವರಿಂದ ಸುಮಾರು ಶೇ. 67, ಐವರಿಂದ ಸುಮಾರು ಶೇ. 84ರಷ್ಟು ತೊಡಕುಗಳು ಬೆಳಕಿಗೆ ಬರುತ್ತವೆ. 'ಐವರು ಸಾಕು' ಎಂಬ ಮಾತು ಹುಟ್ಟಿದ್ದು ಹೀಗೆ.

ಈ ಮಾತನ್ನು ವಿಮರ್ಶೆಯಿಲ್ಲದೆ ಸ್ವೀಕರಿಸಲಾಗದು. 2001ರಲ್ಲಿ ಜೇರೆಡ್ ಸ್ಪೂಲ್ ಮತ್ತು ವಿಲ್ ಶ್ರೋಡರ್ ಜಾಲತಾಣಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ಮೊದಲ ಐವರಿಂದ ಕಂಡುಬಂದ ತೊಡಕುಗಳು ಶೇ. 35 ಮಾತ್ರ. ಕಾರ್ಯ ಜಟಿಲವಾಗಿದ್ದಷ್ಟೂ, ಬಳಕೆದಾರರು ಪರಸ್ಪರ ಭಿನ್ನರಾಗಿದ್ದಷ್ಟೂ ಸಂಖ್ಯೆ ಹೆಚ್ಚಬೇಕಾಗುತ್ತದೆ. ನೀಲ್ಸನ್ ಕೂಡ ಭಿನ್ನ ವರ್ಗಗಳಿದ್ದಲ್ಲಿ ಪ್ರತಿ ವರ್ಗದಿಂದಲೂ ಮೂರು ನಾಲ್ಕು ಜನರನ್ನು ಆಯ್ದುಕೊಳ್ಳಬೇಕೆಂದು ಸೂಚಿಸುತ್ತಾರೆ. ಸಣ್ಣ ಪರೀಕ್ಷೆಯನ್ನು ಮಾಡಿ, ತಿದ್ದಿ, ಮತ್ತೆ ಮಾಡುವುದು ಒಂದೇ ದೊಡ್ಡ ಪರೀಕ್ಷೆಗಿಂತ ಲಾಭದಾಯಕವೆಂಬುದು ಇವೆಲ್ಲದರ ಫಲಿತ.

೩. ಉದ್ಯಮದಲ್ಲಿ ಆರ್ಥಿಕ ಪ್ರಯೋಜನ

ಬಳಕೆಯೋಗ್ಯತೆಯನ್ನು ಹಣದ ಲೆಕ್ಕದಲ್ಲಿ ಅಳೆದ ಪ್ರಯತ್ನಗಳಲ್ಲಿ ಅಮೆರಿಕದ ನೈನೆಕ್ಸ್ ದೂರವಾಣಿ ಸಂಸ್ಥೆಯ ಪ್ರಸಂಗ ಪ್ರಸಿದ್ಧವಾದುದು. ಆಪರೇಟರುಗಳಿಗಾಗಿ ಹೊಸ ಗಣಕಪೀಠಗಳನ್ನು ಕೊಳ್ಳಲು ಸಂಸ್ಥೆ ಯೋಚಿಸಿತ್ತು. ಅವು ವೇಗವಾದವು ಎಂದೇ ಎಲ್ಲರ ನಂಬಿಕೆ. ವೇಯ್ನ್ ಗ್ರೇ, ಬಾನಿ ಜಾನ್ ಮತ್ತು ಮೈಕೆಲ್ ಆಟ್‌ವುಡ್ 1993ರಲ್ಲಿ ಪ್ರಕಟಿಸಿದ ಅಧ್ಯಯನವು ಪ್ರತಿ ಕರೆಯ ಕೆಲಸವನ್ನು ಬಿಡಿ ಬಿಡಿ ಕ್ರಿಯೆಗಳಾಗಿ ಒಡೆದು ಲೆಕ್ಕಹಾಕಿ, ಕ್ಷೇತ್ರಪರೀಕ್ಷೆಯೊಂದಿಗೆ ಹೋಲಿಸಿ, ಹೊಸ ಪೀಠವೇ ನಿಧಾನವೆಂದು ತೋರಿಸಿತು. ವ್ಯತ್ಯಾಸ ಒಂದು ಸೆಕೆಂಡಿಗಿಂತ ಕಡಿಮೆ. ಆದರೆ ಕರೆಗಳ ಸಂಖ್ಯೆ ಅಪಾರವಾದುದರಿಂದ, ಪ್ರತಿ ಕರೆಯಲ್ಲಿ ಒಂದು ಸೆಕೆಂಡು ಉಳಿದರೆ ವರ್ಷಕ್ಕೆ ಸುಮಾರು 30 ಲಕ್ಷ ಡಾಲರ್ ಉಳಿಯುತ್ತದೆ ಎಂಬುದು ಅಲ್ಲಿಯ ಅಂದಾಜು. ಸಂಸ್ಥೆ ಹೊಸ ಪೀಠಗಳನ್ನು ಕೊಳ್ಳಲಿಲ್ಲ.

ಇಂಥ ಪ್ರಯೋಜನಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು: ಕೆಲಸದ ಕಾಲದಲ್ಲಿ ಉಳಿತಾಯ, ತಪ್ಪುಗಳನ್ನು ಸರಿಪಡಿಸುವ ವೆಚ್ಚದಲ್ಲಿ ಇಳಿಕೆ, ತರಬೇತಿ ಮತ್ತು ಸಹಾಯದ ವೆಚ್ಚದಲ್ಲಿ ಇಳಿಕೆ, ತಂತ್ರಾಂಶವನ್ನು ತಡವಾಗಿ ಬದಲಿಸುವ ವೆಚ್ಚದಲ್ಲಿ ಇಳಿಕೆ. ಕೊನೆಯದರ ಬಗೆಗೆ 'ಹತ್ತು ಪಟ್ಟು, ನೂರು ಪಟ್ಟು' ಎಂಬ ಸೂತ್ರಗಳು ಪ್ರಚಾರದಲ್ಲಿವೆಯಾದರೂ ಅವುಗಳ ಆಧಾರ ಗಟ್ಟಿಯಾದುದಲ್ಲ. ಕಾಗದದ ಮೇಲಿನ ಪದವೊಂದನ್ನು ಬದಲಿಸುವುದಕ್ಕೂ ನೂರಾರು ಕೇಂದ್ರಗಳಲ್ಲಿ ನೆಲೆಗೊಂಡ ತಂತ್ರಾಂಶದ ಪದವನ್ನು ಬದಲಿಸುವುದಕ್ಕೂ ಇರುವ ಅಂತರ ಸೂತ್ರವಿಲ್ಲದೆಯೂ ಸ್ಪಷ್ಟ.

೪. ಭೂಮಿ ಯೋಜನೆಯ ನಿದರ್ಶನ

ಕರ್ನಾಟಕದಲ್ಲಿ ಈ ಚರ್ಚೆಗೆ ಅತ್ಯಂತ ಸಮೀಪದ ನಿದರ್ಶನ ಭೂಮಿ ಯೋಜನೆ. ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದ ನೆರವಿನಿಂದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಭೂದಾಖಲೆಗಳನ್ನು ಗಣಕೀಕರಿಸಿ, 2001-02ರ ಸುಮಾರಿಗೆ ಅಂದಿನ 177 ತಾಲೂಕುಗಳಲ್ಲಿ ಪಹಣಿ ವಿತರಣ ಕೇಂದ್ರಗಳನ್ನು ತೆರೆಯಿತು. ಆರಂಭದಲ್ಲಿ ಪಹಣಿಯೊಂದಕ್ಕೆ 15 ರೂಪಾಯಿ ಶುಲ್ಕವಿತ್ತು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ರೈತರೂ ಕೈಬರಹದ ಪಹಣಿಯಿಂದ ಮುದ್ರಿತ ಪಹಣಿಗೆ ಬಂದದ್ದು ಈ ಯೋಜನೆಯ ಮೂಲಕವೇ.

ಈ ಕೇಂದ್ರಗಳಲ್ಲಿ ಗಮನಾರ್ಹವಾದ ಏರ್ಪಾಡೊಂದಿತ್ತು. ಸಿಬ್ಬಂದಿಯ ಪರದೆಯ ಜೊತೆಗೆ ರೈತನ ಕಡೆಗೆ ಮುಖಮಾಡಿದ ಎರಡನೆಯ ಪರದೆಯನ್ನು ಇರಿಸಲಾಗಿತ್ತು. ತನ್ನ ದಾಖಲೆಯ ಮೇಲೆ ಏನು ನಡೆಯುತ್ತಿದೆ ಎಂಬುದನ್ನು ರೈತ ಕಾಣಬಹುದಿತ್ತು. ಯಂತ್ರವನ್ನು ಮುಟ್ಟುವವನು ಒಬ್ಬ, ಅದರ ಫಲವನ್ನು ಉಣ್ಣುವವನು ಇನ್ನೊಬ್ಬ ಎಂಬ ವಾಸ್ತವವನ್ನು ಈ ವಿನ್ಯಾಸ ಒಪ್ಪಿಕೊಂಡಿತ್ತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ಕೈಗೆತ್ತಿಕೊಳ್ಳುವಂತೆ ತಂತ್ರಾಂಶದಲ್ಲಿಯೇ ನಿಯಮವನ್ನು ಅಳವಡಿಸಿದ್ದು ಇನ್ನೊಂದು ಅಂಶ.

ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ನಡೆಸಿದ ಬಳಕೆದಾರರ ಸಮೀಕ್ಷೆಯಲ್ಲಿ, ಹಳೆಯ ಪದ್ಧತಿಯಲ್ಲಿ ಲಂಚ ಕೊಡಬೇಕಾಗಿತ್ತು ಎಂದವರು ಶೇ. 66, ಭೂಮಿ ಕೇಂದ್ರಗಳಲ್ಲಿ ಹಾಗೆ ಹೇಳಿದವರು ಶೇ. 3. ಲಂಚವೂ ಒಂದು ಅರ್ಥದಲ್ಲಿ ಸಂಪರ್ಕಮುಖದ ವೆಚ್ಚವೇ ಆಗಿದೆ. ವ್ಯವಸ್ಥೆಯೊಳಗೆ ದಾರಿ ಕಾಣದವನು ದಾರಿ ಬಲ್ಲವನಿಗೆ ತೆರುವ ಸುಂಕವದು. ಆದರೂ ಸಮೀಕ್ಷೆಯೇ ಬೇರೆ, ಬಳಕೆಯೋಗ್ಯತೆಯ ಪರೀಕ್ಷೆಯೇ ಬೇರೆ ಎಂಬುದನ್ನು ಮರೆಯಬಾರದು. ಸಮೀಕ್ಷೆಯು ಜನ ಏನು ಹೇಳಿದರೆಂಬುದನ್ನು ದಾಖಲಿಸುತ್ತದೆ; ಪರೀಕ್ಷೆಯು ಅವರು ಏನು ಮಾಡಿದರೆಂಬುದನ್ನು ದಾಖಲಿಸುತ್ತದೆ.

೫. ಯಾರ ಖಾತೆಯಲ್ಲಿ ಉಳಿತಾಯ?

ಉದ್ಯಮಕ್ಕೂ ಸಾರ್ವಜನಿಕ ಸೇವೆಗೂ ಇರುವ ಮೂಲಭೂತ ವ್ಯತ್ಯಾಸ ಇಲ್ಲಿದೆ. ನೈನೆಕ್ಸ್‌ನಲ್ಲಿ ಪರೀಕ್ಷೆಯ ವೆಚ್ಚವನ್ನು ಭರಿಸಿದ್ದೂ ಉಳಿತಾಯವನ್ನು ಪಡೆದದ್ದೂ ಒಂದೇ ಸಂಸ್ಥೆ. ಪಹಣಿ ಕೇಂದ್ರದಲ್ಲಿ ಹಾಗಲ್ಲ. ಕೇವಲ ನಿದರ್ಶನಕ್ಕಾಗಿ ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಒಂದು ಕೇಂದ್ರಕ್ಕೆ ದಿನಕ್ಕೆ 100 ಜನ ಬರುತ್ತಾರೆ, ವರ್ಷಕ್ಕೆ 250 ದಿನ ಕೆಲಸ ನಡೆಯುತ್ತದೆ ಎಂದಿಟ್ಟುಕೊಳ್ಳೋಣ. ಪರದೆಯ ತೊಡಕಿನಿಂದ ಪ್ರತಿಯೊಬ್ಬರಿಗೂ ಒಂದು ನಿಮಿಷ ಹೆಚ್ಚು ಹಿಡಿದರೆ ವರ್ಷಕ್ಕೆ 25,000 ನಿಮಿಷ, ಅಂದರೆ ಎಂಟು ಗಂಟೆಯ ಸುಮಾರು 52 ಕೆಲಸದ ದಿನಗಳು ಸಿಬ್ಬಂದಿಯ ಪಾಲಿಗೆ ನಷ್ಟ. ಅದೇ ತೊಡಕಿನಿಂದ ನೂರರಲ್ಲಿ ಐವರು ಮತ್ತೊಮ್ಮೆ ಬರಬೇಕಾದರೆ ವರ್ಷಕ್ಕೆ 1,250 ಮರುಪ್ರಯಾಣಗಳು. ಒಂದೊಂದು ಪ್ರಯಾಣಕ್ಕೂ ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು ಹೋಗುತ್ತದೆ.

ಮೊದಲಿನ 52 ದಿನಗಳು ಕಚೇರಿಯ ಲೆಕ್ಕದಲ್ಲಿ ಹೇಗೋ ಕಾಣಿಸಿಕೊಳ್ಳುತ್ತವೆ. 1,250 ದಿನಗಳು ಯಾವ ಕಡತದಲ್ಲಿಯೂ ಬರುವುದಿಲ್ಲ. ಕಿಣ್ಣಿ ಸುಲ್ತಾನದಿಂದ ಆಳಂದಕ್ಕೆ ಬಂದು ಬರಿಗೈಯಲ್ಲಿ ಹಿಂದಿರುಗಿದ ರೈತನ ನಷ್ಟವು ಆ ಮನೆಯ ಲೆಕ್ಕವಾಗಿಯೇ ಉಳಿಯುತ್ತದೆ. ಸರ್ಕಾರಿ ತಂತ್ರಾಂಶಗಳಲ್ಲಿ ಬಳಕೆಯೋಗ್ಯತೆಯ ಪರೀಕ್ಷೆ ಹಿಂದೆ ಬೀಳುವುದಕ್ಕೆ ಇದೊಂದು ಕಾರಣವಿರಬೇಕು. ಆದ್ದರಿಂದ ಸಾರ್ವಜನಿಕ ಸೇವೆಯ ಆರ್ಥಿಕ ಪ್ರಯೋಜನವನ್ನು ಲೆಕ್ಕಹಾಕುವಾಗ ನಾಗರಿಕನ ದಿನವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಅಗತ್ಯ.

೬. ಭಾಷೆಯ ತೊಡಕುಗಳು

ಪರೀಕ್ಷೆಯಲ್ಲಿ ಕನ್ನಡದ ವಿದ್ವಾಂಸರಿಗೆ ನೇರ ಪಾತ್ರವಿರುವುದು ಇಲ್ಲಿ. ಮೊದಲನೆಯದಾಗಿ ಪದಗಳ ಪ್ರಶ್ನೆ. ಈ ಮೂರೂ ತಾಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಇಲ್ಲಿಯ ಕಂದಾಯದ ಭಾಷೆಯಲ್ಲಿ ಹಲವು ಪದರಗಳಿವೆ. 'ಪಹಣಿ' ಮರಾಠಿಯ ಮೂಲಕ ಬಂದುದು. 'ಹಿಸ್ಸಾ', 'ಪೌತಿ' ಅರಬ್ಬಿ ಮೂಲದವು. 'ಸರ್ವೆ ನಂಬರ್' ಇಂಗ್ಲಿಷಿನದು. ಇದೇ ದಾಖಲೆಯನ್ನು ಮುಂಬೈ ಕರ್ನಾಟಕದ ಭಾಗಗಳಲ್ಲಿ 'ಉತಾರ' ಎನ್ನುತ್ತಾರೆ. ಕಚೇರಿಯಲ್ಲಿ 'ಆರ್‌ಟಿಸಿ' ಎಂಬ ಸಂಕ್ಷೇಪವೂ ನಡೆಯುತ್ತದೆ. ಪರದೆಯ ಮೇಲೆ ಯಾವ ಪದ ಇರಬೇಕು? ಶುದ್ಧ ಕನ್ನಡವೆಂಬ ಕಾರಣಕ್ಕೆ ಹೊಸ ಪದವನ್ನು ಟಂಕಿಸಿದರೆ ಅದು ನಿಘಂಟಿಗೆ ಸಲ್ಲಬಹುದು, ಗವಾಕ್ಷಿಯಲ್ಲಿ ಸಲ್ಲಲಾರದು. ಇದನ್ನು ಚರ್ಚೆಯಿಂದ ತೀರ್ಮಾನಿಸುವುದಕ್ಕಿಂತ ಪರೀಕ್ಷೆಯಿಂದ ತೀರ್ಮಾನಿಸುವುದು ಮೇಲು.

ಪರೀಕ್ಷೆಯ ಪ್ರಶ್ನೆಯನ್ನು ರೂಪಿಸುವುದರಲ್ಲಿಯೂ ಎಚ್ಚರ ಬೇಕು. 'ಪೌತಿ ಖಾತೆಗೆ ಅರ್ಜಿ ಹಾಕಿ' ಎಂದರೆ ಪರದೆಯ ಪದವನ್ನೇ ಬಾಯಿಗೆ ಕೊಟ್ಟಂತಾಗುತ್ತದೆ. 'ತಂದೆ ತೀರಿಕೊಂಡಿದ್ದಾರೆ; ಹೊಲವನ್ನು ಮಕ್ಕಳ ಹೆಸರಿಗೆ ಮಾಡಿಸಬೇಕು' ಎಂದು ಸಂದರ್ಭವನ್ನು ಹೇಳಿ ಬಿಟ್ಟರೆ, ಆ ಪದ ಜನರನ್ನು ಸರಿಯಾದ ಸ್ಥಳಕ್ಕೆ ಕರೆದೊಯ್ಯುವುದೇ ಇಲ್ಲವೇ ಎಂಬುದು ಗೊತ್ತಾಗುತ್ತದೆ.

ಎರಡನೆಯದಾಗಿ ಬರಹ ಮತ್ತು ಹುಡುಕಾಟದ ಪ್ರಶ್ನೆ. 'ಕಿಣ್ಣಿ ಸುಲ್ತಾನ' ಎಂಬ ಹೆಸರನ್ನೇ ತೆಗೆದುಕೊಳ್ಳಬಹುದು. ಯೂನಿಕೋಡ್ ಕ್ರಮದಲ್ಲಿ ಮೊದಲ ಪದಕ್ಕೆ ಆರು, ನಡುವಣ ತೆರಪಿಗೆ ಒಂದು, ಎರಡನೆಯ ಪದಕ್ಕೆ ಏಳು, ಒಟ್ಟು 14 ಸಂಕೇತಗಳು ಬೇಕು. ಓದುಗನ ಕಣ್ಣಿಗೆ ಇದು ಐದು ಅಕ್ಷರಗಳ ಹೆಸರು. ತೆರಪಿಲ್ಲದೆ 'ಕಿಣ್ಣಿಸುಲ್ತಾನ' ಎಂದು ಬರೆದರೂ, ಒತ್ತಕ್ಷರ ಬಿಟ್ಟು 'ಕಿಣಿ ಸುಲ್ತಾನ' ಎಂದು ಬರೆದರೂ ಮನುಷ್ಯನಿಗೆ ಊರು ತಿಳಿಯುತ್ತದೆ. ಅಕ್ಷರಕ್ಕೆ ಅಕ್ಷರ ಹೊಂದಿಸುವ ಯಂತ್ರಕ್ಕೆ ಮಾತ್ರ ಅವು ಮೂರು ಬೇರೆ ಊರುಗಳು. 'ಜೇವರ್ಗಿ'ಯಲ್ಲಿ ಇನ್ನೊಂದು ತೊಡಕಿದೆ. ರಕಾರ ಉಚ್ಚಾರದಲ್ಲಿ ಮೊದಲು ಬಂದರೂ ಬರಹದಲ್ಲಿ ಅರ್ಕಾವೊತ್ತಾಗಿ ಗಕಾರದ ನಂತರ ನಿಲ್ಲುತ್ತದೆ. ಬೆರಳಚ್ಚಿನಲ್ಲಿ ಕಂಡ ಕ್ರಮದಲ್ಲಿ ಒತ್ತಿ ರೂಢಿಯಾದವರು ಉಚ್ಚಾರದ ಕ್ರಮವನ್ನು ಅನುಸರಿಸುವ ಕೀಲಿಮಣೆಯಲ್ಲಿ ಎಡವುವುದು ಸಹಜ. ಇದು ಕಲಿಯದವರ ದೋಷವಲ್ಲ. ಎರಡು ಪದ್ಧತಿಗಳ ಘರ್ಷಣೆ.

ಕೆ. ಪಿ. ರಾವ್ ಅವರ ಧ್ವನಿಕ್ರಮದ ಕೀಲಿಮಣೆ ವಿನ್ಯಾಸವು ಈ ದೃಷ್ಟಿಯಿಂದ ಮಹತ್ವದ್ದು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ಅದು ವ್ಯಾಪಕವಾಗಿ ಬಳಕೆಗೆ ಬಂತು. ಇಂಗ್ಲಿಷ್ ಕೀಲಿಮಣೆಯನ್ನು ಬಲ್ಲವನು ಕಡಿಮೆ ಕಲಿಕೆಯಲ್ಲಿ ಕನ್ನಡ ಬರೆಯುವಂತಾದುದು ಅದರ ಪ್ರಯೋಜನ. ಇಂಗ್ಲಿಷ್ ಅಕ್ಷರಗಳ ಪರಿಚಯವೇ ಇಲ್ಲದವನಿಗೆ ಅದೇ ಪ್ರಯೋಜನ ದೊರೆಯುವುದೇ ಎಂಬುದು ಪರೀಕ್ಷೆಗೆ ಯೋಗ್ಯವಾದ ಪ್ರಶ್ನೆ.

೭. ವಿಭಾಗಗಳು ಮಾಡಬಹುದಾದ ಕೆಲಸ

ಇಂಥ ಪರೀಕ್ಷೆಗೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಪಹಣಿ ಸೇವೆಗೆ ಸಂಬಂಧಿಸಿದಂತೆ ಕನಿಷ್ಠ ಮೂರು ವರ್ಗಗಳನ್ನು ಗುರುತಿಸಬಹುದು: ಗಣಕವನ್ನು ನಡೆಸುವ ಸಿಬ್ಬಂದಿ, ಓದಬಲ್ಲ ರೈತರು, ಓದಲಾರದ ರೈತರು. ವರ್ಗಕ್ಕೆ ಮೂವರಂತೆ ಒಂಬತ್ತು ಜನ, ನಾಲ್ಕೈದು ಕಾರ್ಯಗಳು, ಒಬ್ಬ ವೀಕ್ಷಕ, ಒಂದು ಗಡಿಯಾರ, ಒಂದು ಟಿಪ್ಪಣಿ ಪುಸ್ತಕ ಸಾಕು. ಸಿಬ್ಬಂದಿ ಮತ್ತು ರೈತರನ್ನು ಬೇರೆ ಬೇರೆಯಾಗಿ ಮಾತ್ರವಲ್ಲದೆ ಜೋಡಿಯಾಗಿಯೂ ಗಮನಿಸಬೇಕು. ರೈತ ಹೇಳಿದ ಪದವನ್ನು ಸಿಬ್ಬಂದಿ ಪರದೆಯ ಪದಕ್ಕೆ ಅನುವಾದಿಸುವ ಗಳಿಗೆಯಲ್ಲಿಯೇ ಹಲವು ತಪ್ಪುಗಳು ಹುಟ್ಟುವ ಸಂಭವವಿದೆ. ಒಂಬತ್ತು ಜನರಿಂದ ಶೇಕಡಾವಾರು ತೀರ್ಮಾನಗಳನ್ನು ಹೇಳಲಾಗದು. ತೊಡಕುಗಳ ಪಟ್ಟಿಯನ್ನು ಮಾತ್ರ ಹೇಳಬಹುದು. ತಿದ್ದುಪಡಿಗೆ ಅಷ್ಟು ಸಾಕು.

ಆಳಂದ ತಾಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಿದೆ. ಕನ್ನಡ, ಮರಾಠಿ, ಉರ್ದು, ಲಂಬಾಣಿ ಮಾತುಗಳು ಒಂದೇ ಸಂತೆಯಲ್ಲಿ ಕೇಳಿಬರುವ ಈ ಪ್ರದೇಶದಲ್ಲಿ ಕ್ಷೇತ್ರಕಾರ್ಯದ ಅನುಭವವುಳ್ಳ ಭಾಷಾ ವಿದ್ಯಾರ್ಥಿಗಳು ತಂತ್ರಜ್ಞರ ಕಿವಿಗೆ ಬೀಳದ ವ್ಯತ್ಯಾಸಗಳನ್ನು ಹಿಡಿಯಬಲ್ಲರು. ಸ್ನಾತಕೋತ್ತರ ಪದವಿಯ ಒಂದು ಕಿರು ಪ್ರಬಂಧದ ವ್ಯಾಪ್ತಿಗೆ ಈ ಕೆಲಸ ಒಗ್ಗುತ್ತದೆ.

ಒಟ್ಟಾರೆ ಹೇಳುವುದಾದರೆ, ಬಳಕೆಯೋಗ್ಯತೆಯ ಪರೀಕ್ಷೆಯು ತಂತ್ರಾಂಶಕ್ಕೆ ಕೊನೆಯಲ್ಲಿ ತೊಡಿಸುವ ಅಲಂಕಾರವಲ್ಲ. ವೆಚ್ಚವನ್ನು ಮೊದಲೇ ಕಾಣುವ ಸಾಧನ. ಉದ್ಯಮಗಳಲ್ಲಿ ಲಾಭದ ಒತ್ತಡವೇ ಈ ಸಾಧನವನ್ನು ಬಳಸುವಂತೆ ಮಾಡುತ್ತದೆ. ಸಾರ್ವಜನಿಕ ಸೇವೆಯಲ್ಲಿ ಆ ಒತ್ತಡವಿಲ್ಲದಿರುವುದರಿಂದ, ನಷ್ಟವನ್ನು ಎಣಿಸಿ ದಾಖಲಿಸುವ ಹೊಣೆಯನ್ನು ಯಾರಾದರೂ ಹೊರಬೇಕಾಗುತ್ತದೆ. ಆ ನಷ್ಟದ ಒಂದು ದೊಡ್ಡ ಪಾಲು ಪದ, ಲಿಪಿ, ಹೆಸರುಗಳಲ್ಲಿ ಅಡಗಿರುವಾಗ ಎಣಿಸುವ ಕೆಲಸಕ್ಕೆ ಕನ್ನಡ ವಿಭಾಗಗಳು ಮುಂದಾಗುವುದು ಉಚಿತ.