ಮ್ಯಾಕಲ್ಸ್‌ಫೀಲ್ಡ್ ಸೇತುವೆಯ ಕಂಬಗಳ ಸಾಕ್ಷ್ಯ

ಪೂರ್ವವೃತ್ತಾಂತವನ್ನು ತಿಳಿಯಲು ನಮಗಿರುವ ಸಾಧನಗಳು ಎರಡು ಬಗೆ. ತಿಳಿಸಬೇಕೆಂಬ ಸಂಕಲ್ಪದಿಂದ ಬರೆದಿಟ್ಟ ಶಾಸನ, ಗ್ರಂಥ, ಲೆಕ್ಕಪತ್ರಗಳು ಒಂದು ಬಗೆ. ಯಾರ ಸಂಕಲ್ಪವೂ ಇಲ್ಲದೆ ಕೇವಲ ಬಳಕೆಯಿಂದ ಮೂಡಿದ ಗುರುತುಗಳು ಇನ್ನೊಂದು ಬಗೆ. ಮರವನ್ನು ಕೊರೆಯುವ ಹುಳುವಿನಿಂದ ಅಕ್ಷರದಂತಹ ಆಕಾರವು ಮೂಡಿದರೆ ಅದನ್ನು ನಮ್ಮ ಶಾಸ್ತ್ರಕಾರರು ಘುಣಾಕ್ಷರವೆಂದು ಕರೆದರು. ಅದು ಆಕಸ್ಮಿಕವೇ ಹೊರತು ಬರೆಹವಲ್ಲವೆಂಬುದು ಅವರ ಅಭಿಪ್ರಾಯ. ಆದರೆ ಇಂತಹ ಗುರುತು ಅರ್ಥವನ್ನು ಹೇಳದಿದ್ದರೂ ತನ್ನ ಕಾರಣವನ್ನು ಹೇಳಬಲ್ಲುದು. ಇದಕ್ಕೆ ಲಂಡನ್ ನಗರದ ಒಂದು ಸಣ್ಣ ಸೇತುವೆಯು ಉತ್ತಮ ನಿದರ್ಶನವಾಗಿರುವುದು.

ರೀಜೆಂಟ್ಸ್ ಕಾಲುವೆಯು ಆ ನಗರದ ಉತ್ತರಭಾಗವನ್ನು ಬಳಸಿಕೊಂಡು ಪ್ಯಾಡಿಂಗ್‌ಟನ್ನಿನಿಂದ ಲೈಮ್‌ಹೌಸಿನವರೆಗೆ ಸುಮಾರು 8½ ಮೈಲಿ ಹರಿದು ಥೇಮ್ಸ್ ನದಿಯನ್ನು ಕೂಡುತ್ತದೆ. ಇದನ್ನು ತೋಡಲು 1812ರಲ್ಲಿ ಪಾರ್ಲಿಮೆಂಟಿನ ಅನುಮತಿ ದೊರೆಯಿತು. ಜೇಮ್ಸ್ ಮಾರ್ಗನ್ ಎಂಬಾತನು ಇದರ ಎಂಜಿನಿಯರು. 1816ರಲ್ಲಿ ಕ್ಯಾಮ್‌ಡನ್ನಿನವರೆಗಿನ ಭಾಗವೂ 1820ರಲ್ಲಿ ಉಳಿದ ಭಾಗವೂ ಸಂಚಾರಕ್ಕೆ ತೆರೆದುವು. ರೀಜೆಂಟ್ಸ್ ಪಾರ್ಕಿನ ಉತ್ತರದಂಚಿನಲ್ಲಿ, ಕಾಲುವೆಯು ಆಳವಾದ ತೋಡಿನೊಳಗೆ ಸಾಗುವೆಡೆಯಲ್ಲಿ, ಅವೆನ್ಯೂ ರಸ್ತೆಯಿಂದ ಉದ್ಯಾನಕ್ಕೆ ಹೋಗುವ ದಾರಿಯನ್ನು ಮ್ಯಾಕಲ್ಸ್‌ಫೀಲ್ಡ್ ಸೇತುವೆಯು ಹೊತ್ತಿದೆ. ಕಾಲುವೆಯ ಕಂಪೆನಿಗೆ ಅಧ್ಯಕ್ಷನಾಗಿದ್ದ ಪ್ರಭುವಿನ ಹೆಸರು ಅದಕ್ಕೆ ಬಂದಿತು. ಇಟ್ಟಿಗೆಯ ಕಮಾನುಗಳು, ಅವನ್ನು ಧರಿಸಿದವು ಗ್ರೀಕರ ಡೋರಿಕ್ ಶೈಲಿಯ ಎರಕದ ಕಬ್ಬಿಣದ ಕಂಬಗಳು. ಅವುಗಳ ತಲೆಯಲ್ಲಿ ಕೋಲ್‌ಬ್ರೂಕ್‌ಡೇಲ್ ಎಂಬ ಊರಿನ ಹೆಸರುಂಟು. 1779ರಲ್ಲಿ ಸೆವರ್ನ್ ನದಿಯ ಮೇಲೆ ನಿಲ್ಲಿಸಿದ ಕಬ್ಬಿಣದ ಸೇತುವೆಯಿಂದ ಹೆಸರಾದ ಊರು ಅದೇ. ಈ ಹೆಸರು ಸಂಕಲ್ಪದಿಂದ ಬರೆದ ಬರೆಹ. ಅದರ ಕೆಳಗೆ ಯಾರೂ ಬರೆಯದ ಬರೆಹವೊಂದಿದೆ.

ಆ ಕಾಲದಲ್ಲಿ ಸರಕಿನ ದೋಣಿಗಳನ್ನು ದಡದ ಹಾದಿಯಲ್ಲಿ ನಡೆಯುವ ಕುದುರೆಗಳು ಎಳೆಯುತ್ತಿದ್ದುವು. ಬಿಗಿದ ಹಗ್ಗವು ಕೆಸರನ್ನೂ ಮರಳನ್ನೂ ಹತ್ತಿಸಿಕೊಂಡು ಕಂಬಕ್ಕೆ ಉಜ್ಜುತ್ತಿದ್ದಿತು. ಬಾವಿಯ ಕಟ್ಟೆಯ ಕಲ್ಲಿನಲ್ಲಿ ಸೇದುವ ಹಗ್ಗದಿಂದ ಬಿದ್ದ ಗೀರುಗಳನ್ನು ನಮ್ಮ ವಾಚಕರು ಕಂಡಿರುವರಷ್ಟೆ. ಇಲ್ಲಿ ಸವೆದುದು ಕಬ್ಬಿಣ; ಬಗೆ ಅದೇ. ಆದರೆ ಈ ಗೀರುಗಳು ಕಂಬದ ಒಂದೇ ಮಗ್ಗುಲಲ್ಲಿರದೆ ಎದುರುಬದುರಾದ ಎರಡು ಮಗ್ಗುಲುಗಳಲ್ಲಿರುವುವು. ಹಗ್ಗವು ಸೋಕಲಾರದ ಕಡೆಯೂ ಸವೆದಿರುವುದಕ್ಕೆ ಕಾರಣವೇನು?

1874ನೆಯ ಅಕ್ಟೋಬರ್ 2ರಂದು ಸೂರ್ಯೋದಯಕ್ಕೆ ಮುಂಚೆ, ಸುಮಾರು ಐದು ಗಂಟೆಗೆ, ಉಗಿದೋಣಿಯೊಂದು ಸರಕಿನ ದೋಣಿಗಳ ಸಾಲನ್ನು ಎಳೆದುಕೊಂಡು ಈ ಸೇತುವೆಯ ಕೆಳಗೆ ಬಂದಿತು. ಸಾಲಿನಲ್ಲಿದ್ದ ‘ಟಿಲ್‌ಬರಿ’ ಎಂಬ ದೋಣಿಯಲ್ಲಿ ಸಕ್ಕರೆ ಮುಂತಾದ ಸರಕಿನೊಡನೆ ಪೆಟ್ರೋಲಿಯಮ್ ಪೀಪಾಯಿಗಳೂ ಸುಮಾರು 5 ಟನ್ ಕೋವಿಮದ್ದೂ ಇದ್ದುವು. ಎಣ್ಣೆಯ ಆವಿಗೆ ಕಿಡಿ ತಗುಲಿ, ಮದ್ದು ಸಿಡಿದು, ದೋಣಿಯಲ್ಲಿದ್ದ ಮೂವರು ಕೆಲಸಗಾರರು ಮೃತರಾದರು, ಸೇತುವೆಯು ನುಚ್ಚುನೂರಾಯಿತು. ಸಮೀಪದಲ್ಲಿದ್ದ ಚಿತ್ರಕಾರ ಆಲ್ಮಾ-ಟಡೆಮಾನ ಮನೆಯೂ ಹಾಳಾಯಿತು. ತೋಡಿನ ಎರಡು ದಡಗಳು ರಭಸವನ್ನು ತಡೆಯದಿದ್ದರೆ ನಗರಕ್ಕಾಗುತ್ತಿದ್ದ ಹಾನಿಯು ಇನ್ನೂ ಘೋರವಾಗುತ್ತಿದ್ದಿತು.

ಸೇತುವೆಯನ್ನು ಮರಳಿ ಕಟ್ಟುವಾಗ ಅವಶೇಷಗಳಲ್ಲಿ ದೊರೆತ ಹಳೆಯ ಕಂಬಗಳನ್ನೇ ನಿಲ್ಲಿಸಿದರು. ಆದರೆ ಅವನ್ನು ತಿರುಗಿಸಿ ನಿಲ್ಲಿಸಿದರು. ಸವೆದ ಮಗ್ಗುಲು ಆಚೆಗಾಯಿತು. ಸವೆಯದ ಮಗ್ಗುಲು ಹಗ್ಗಕ್ಕೆ ಒಡ್ಡಿಕೊಂಡಿತು. ಈ ಕಾಲುವೆಯಲ್ಲಿ ಕುದುರೆಗಳಿಂದ ಸರಕುದೋಣಿಗಳನ್ನೆಳೆಸುವ ಪದ್ಧತಿಯು 1956ರವರೆಗೂ ಉಳಿದುದರಿಂದ ಹೊಸ ಮಗ್ಗುಲಿನಲ್ಲಿಯೂ ಗೀರುಗಳು ಬಿದ್ದುವು. ಹೀಗೆ ಒಂದು ಮಗ್ಗುಲು 1874ಕ್ಕೆ ಹಿಂದಿನ 58 ವರ್ಷಗಳ ದುಡಿಮೆಯನ್ನೂ, ಇನ್ನೊಂದು ಮುಂದಿನ ದುಡಿಮೆಯನ್ನೂ ತೋರಿಸುತ್ತವೆ.

ಹೊಳೆಯು ತುಂಬಿ ಬಂದುದನ್ನು ಕಂಡು ಮೇಲುಸೀಮೆಯಲ್ಲಿ ಮಳೆಯಾಗಿದೆಯೆಂದು ಊಹಿಸುವುದನ್ನು ನೈಯಾಯಿಕರು ಶೇಷವದನುಮಾನವೆನ್ನುವರು. ಕಾರ್ಯದಿಂದ ಕಾರಣವನ್ನು ಅರಿಯುವ ಕ್ರಮವದು. ಆ ಕ್ರಮಕ್ಕೆ ಇಲ್ಲಿ ಎಲ್ಲೆಯೂ ಉಂಟು. ಕಂಬವು ತಿರುಗಿತೆಂಬಷ್ಟನ್ನು ಗೀರು ಹೇಳುವುದು. ಏಕೆ ತಿರುಗಿತೆಂಬುದನ್ನು ಹೇಳಲಾರದು. ಅದಕ್ಕೆ ಅಂದಿನ ವಿಚಾರಣೆಯ ಬರೆಹವೇ ಬೇಕು. ಆ ಬರೆಹವಾದರೋ ಒಂದು ಮುಂಜಾವಿನ ಅನಾಹುತವನ್ನು ಹೇಳುವುದೇ ಹೊರತು, ಅದರ ಹಿಂದುಮುಂದಿನ ಸಹಸ್ರಾರು ಮುಂಜಾವುಗಳ ದುಡಿಮೆಯನ್ನು ಹೇಳದು. ಒಂದರ ಕೊರತೆಯನ್ನು ಇನ್ನೊಂದು ತುಂಬಬೇಕು.

ಈ ಅನಾಹುತವನ್ನು ವಿಚಾರಿಸಿದ ಮೇಜರ್ ಮಜೆಂಡಿಯೇ ರೂಪಿಸಿದ ಶಾಸನವು 1875ರಲ್ಲಿ ಅಂಗೀಕೃತವಾಗಿ, ಸಿಡಿಮದ್ದುಗಳ ತಯಾರಿಕೆ, ಸಂಗ್ರಹ, ಸಾಗಾಟಗಳನ್ನು ಕಟ್ಟುಪಾಡಿಗೆ ಒಳಪಡಿಸಿತು. ಜನರ ಬಾಯಲ್ಲಿ ‘ಬ್ಲೋ-ಅಪ್’, ಎಂದರೆ ಸಿಡಿದ ಸೇತುವೆ, ಎಂಬ ಹೆಸರು ಉಳಿಯಿತು. ಕಂಬದಲ್ಲಿ ಗೀರುಗಳೂ ಉಳಿದುವು. ಹಳೆಯ ಕಟ್ಟಡಗಳನ್ನು ಜೀರ್ಣೋದ್ಧಾರ ಮಾಡುವವರು ಸವೆದುದನ್ನು ಉಜ್ಜಿ ನುಣುಪು ಮಾಡುವುದಕ್ಕೆ ಮೊದಲು ಇದನ್ನು ನೆನೆಯಬೇಕು. ಅಕ್ಷರವು ಅಳಿದರೆ ಪ್ರತಿಯಿಂದ ತಿದ್ದಬಹುದು. ಇಂತಹ ಗೀರಿಗೆ ಪ್ರತಿಯಿಲ್ಲ.