ಮಾತಿನ ಎಳೆ ತಪ್ಪುವ ಮುನ್ನ

ಸ್ಕಿಜೋಫ್ರೀನಿಯಾ ಇರುವವರ ಮನೆಯಲ್ಲಿ ದೊಡ್ಡ ಭಯವೆಂದರೆ ಕಾಯಿಲೆ ಮರುಕಳಿಸುವುದು. ಮೊದಲ ಬಾರಿ ಚೇತರಿಸಿಕೊಂಡವರಲ್ಲಿ ಸುಮಾರು ಶೇಕಡಾ 82 ಮಂದಿಗೆ ಐದು ವರ್ಷದೊಳಗೆ ಅದು ಮತ್ತೆ ಕಾಣಿಸಿಕೊಂಡಿತೆಂದು 1999ರ ಅಮೆರಿಕದ ಅಧ್ಯಯನವೊಂದು ಹೇಳಿತು. ಮಾತ್ರೆ ಬಿಟ್ಟವರಲ್ಲಿ ಅಪಾಯ ಹೆಚ್ಚುಕಡಿಮೆ ಐದು ಪಟ್ಟು. ಹೀಗಿರುವಾಗ ಸುಳಿವು ನಾಲ್ಕು ದಿನ ಮೊದಲೇ ಸಿಕ್ಕರೂ ಅದು ದೊಡ್ಡ ಉಪಕಾರ.

ಆ ಸುಳಿವು ಮಾತಿನಲ್ಲೇ ಇರಬಹುದು. ಯೋಚನೆಗಳ ನಡುವಿನ ಕೊಂಡಿ ಕಳಚುವುದು ಈ ಕಾಯಿಲೆಯ ಮೂಲಲಕ್ಷಣವೆಂದು ಸ್ವಿಸ್ ವೈದ್ಯ ಬ್ಲಾಯ್ಲರ್ 1911ರಲ್ಲೇ ಬರೆದಿದ್ದರು. ಈಗ ಅದನ್ನು ಅಳೆಯಲು ಕಂಪ್ಯೂಟರ್ ಬಂದಿದೆ. ಬ್ರೆಜಿಲ್‌ನ ನಟಾಲ್ ನಗರದ ಸಂಶೋಧಕರ ವಿಧಾನ ನೋಡಿ: ರೋಗಿ ತನ್ನ ಕನಸನ್ನು ಹೇಳುತ್ತಾನೆ. ಆಡಿದ ಒಂದೊಂದು ಪದವೂ ಒಂದು ಚುಕ್ಕಿ, ಒಂದರಿಂದ ಮುಂದಿನದಕ್ಕೆ ಒಂದು ಗೆರೆ. ಹೇಳಿದ ಪದ ಮತ್ತೆ ಬಂದರೆ ಗೆರೆ ಹಳೆಯ ಚುಕ್ಕಿಗೇ ಮರಳುತ್ತದೆ. ರಂಗೋಲಿಯಂತೆ ಹೆಣೆದುಕೊಳ್ಳುವ ಈ ಜಾಲ ಸ್ಕಿಜೋಫ್ರೀನಿಯಾದಲ್ಲಿ ತೆಳುವಾಗುತ್ತದೆ. ದಿನದ ಸಂಗತಿ ಹೇಳುವಾಗ ಅಷ್ಟಾಗಿ ಕಾಣದ ವ್ಯತ್ಯಾಸ ಕನಸು ಹೇಳುವಾಗ ಎದ್ದು ಕಾಣುತ್ತದೆ.

ನ್ಯೂಯಾರ್ಕ್‌ನಲ್ಲಿ 2015ರಲ್ಲಿ, ವಾಸ್ತವದ ಹಿಡಿತ ತಪ್ಪುವ ಸೈಕೋಸಿಸ್‌ನ ಅಪಾಯವಿದ್ದ 34 ಯುವಜನರ ಮಾತನ್ನು ಪರೀಕ್ಷಿಸಿದ ಪ್ರೋಗ್ರಾಂ, ಮುಂದೆ ಕಾಯಿಲೆಗೆ ಬಿದ್ದ ಐವರನ್ನೂ ಸರಿಯಾಗಿ ಗುರುತಿಸಿತು. ಆದರೆ ಐವರ ಮೇಲೆ ನಿಂತ ಗೆಲುವಿಗೆ ಹಿಗ್ಗುವುದು ಬೇಡ. 2018ರಲ್ಲಿ ಬೇರೊಂದು ಗುಂಪಿನ ಮಾತಿನಿಂದ ಕಲಿತ ಇಂಥದ್ದೇ ಲೆಕ್ಕವನ್ನು ಈ ಮೊದಲ ಗುಂಪಿನ ಮೇಲೆ ಓಡಿಸಿದಾಗ ನಿಖರತೆ ಶೇಕಡಾ 79ಕ್ಕೆ ನಿಂತಿತು. ಮೇಲಾಗಿ ಇವೆರಡೂ ಕಾಯಿಲೆಯ ಆರಂಭವನ್ನು ಹುಡುಕಿದವು. ಮರುಕಳಿಕೆಯ ಪ್ರಶ್ನೆಯೇ ಬೇರೆ: ಅಲ್ಲಿ ಒಬ್ಬರ ಇವತ್ತಿನ ಮಾತನ್ನು ಅವರದೇ ಆರೋಗ್ಯದ ದಿನಗಳ ಮಾತಿನೊಂದಿಗೆ ಹೋಲಿಸಬೇಕು. ಯುರೋಪಿನ ‘ಟ್ರಸ್ಟಿಂಗ್’ ಯೋಜನೆ ಈಗ ಈ ಕೆಲಸಕ್ಕೆ ಕೈಹಾಕಿದೆ.

ಕನ್ನಡಕ್ಕೆ ಮಾತನ್ನು ಅಳೆಯುವ ಈ ವಿಧಾನಗಳು ಹಾಗೇ ಒಗ್ಗವು. ಇಂಗ್ಲಿಷ್‌ಗೆ ನಾಲ್ಕೈದು ಪದ ಬೇಕಾದದ್ದು ನಮ್ಮ ಒಂದೇ ಕ್ರಿಯಾಪದದಲ್ಲಿ ಅಡಗುತ್ತದೆ. ಪದ ಎಣಿಸುವ ಲೆಕ್ಕವೇ ಬದಲಾಗಬೇಕು. ಧಾರವಾಡದ ಮಾತು, ಕುಂದಾಪುರದ ಮಾತು, ಇಂಗ್ಲಿಷ್ ಬೆರೆತ ಬೆಂಗಳೂರಿನ ಮಾತು, ಎಲ್ಲವನ್ನೂ ಕೇಳಿ ಪಳಗದ ಯಂತ್ರ ಆಡುಮಾತಿನ ಸೊಗಡನ್ನೇ ರೋಗವೆಂದೀತು.

ಅದಕ್ಕಿಂತ ನನ್ನನ್ನು ಕಾಡುವುದು ಒಪ್ಪಿಗೆಯ ವಿಷಯ. ಯಾರೋ ತನ್ನನ್ನು ಗಮನಿಸುತ್ತಿದ್ದಾರೆಂಬ ಭಯವೇ ಕಾಯಿಲೆಯ ಭಾಗವಾಗಿರುವವರ ಫೋನಿನಲ್ಲಿ, ಅವರಿಗೆ ತಿಳಿಸದೆ ಕಿವಿಯೊಂದನ್ನು ಇಡುವುದು ಕ್ರೌರ್ಯ. ತನಗೆ ಎಂಥ ಆರೈಕೆ ಬೇಕು, ಎಂಥದು ಬೇಡ ಎಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿದೆ. ಮಾತನ್ನು ಧ್ವನಿಮುದ್ರಿಸಿಕೊಳ್ಳಬಹುದೇ, ಎಚ್ಚರಿಕೆ ಬಂದರೆ ಮೊದಲು ಯಾರಿಗೆ ತಿಳಿಸಬೇಕು ಎಂಬುದನ್ನೂ, ಅವರು ಚೆನ್ನಾಗಿರುವಾಗಲೇ ಅವರಿಂದಲೇ ಕೇಳಿ ಬರೆಸಿಕೊಳ್ಳಬೇಕು.