ಟೆನ್ಶನ್ ಹೋಯಿತು, ಬಿಪಿ ಹೋಗಲಿಲ್ಲ

ಹಾಲು ಕರೆಯುವ ಹೊತ್ತಿಗೆ ಬೀದಿನಾಯಿ ಕೊಟ್ಟಿಗೆಗೆ ನುಗ್ಗಿದರೆ, ಇಲ್ಲವೇ ಗುರುತಿಲ್ಲದವರು ಬಂದು ಗದ್ದಲ ಮಾಡಿದರೆ ಆಕಳು ತೊರೆ ಬಿಡುವುದಿಲ್ಲ. ಕೆಚ್ಚಲಲ್ಲಿ ಹಾಲಿರುತ್ತದೆ, ಬಕೆಟ್ಟಿಗೆ ಇಳಿಯುವುದಿಲ್ಲ. ಇದು ನಮ್ಮ ಸಂಘಗಳ ಯಾವ ಸದಸ್ಯರಿಗೂ ಹೊಸ ಮಾತಲ್ಲ. ಇದಕ್ಕೆ ಕಾರಣವೇನೆಂದು 1941ರಲ್ಲಿ ಅಮೆರಿಕದ ಈಲಿ ಮತ್ತು ಪೀಟರ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ವಿಚಿತ್ರ ಪ್ರಯೋಗ ಮಾಡಿ ತೋರಿಸಿದರು. ಒಂದು ಆಕಳ ಕೆಚ್ಚಲಿನ ಒಂದು ಬದಿಯ ನರಗಳನ್ನು ಮೊದಲೇ ಕತ್ತರಿಸಿದ್ದರು. ಆಮೇಲೆ ಅದರ ಬೆನ್ನ ಮೇಲೆ ಬೆಕ್ಕನ್ನು ಕೂರಿಸಿ, ಪಕ್ಕದಲ್ಲಿ ಕಾಗದದ ಚೀಲಗಳನ್ನು ಪಟಪಟನೆ ಒಡೆದರು. ಬೆದರಿದ ಆಕಳು ನರವಿದ್ದ ಬದಿಯಲ್ಲೂ ಹಾಲು ಬಿಡಲಿಲ್ಲ, ನರವಿಲ್ಲದ ಬದಿಯಲ್ಲೂ ಬಿಡಲಿಲ್ಲ. ಅಂದರೆ ಹೆದರಿಕೆಯ ಸುದ್ದಿ ನರದಿಂದಷ್ಟೇ ಬರುವುದಿಲ್ಲ, ರಕ್ತದಲ್ಲಿ ಬೆರೆತೂ ಬರುತ್ತದೆ. ಆ ಸುದ್ದಿಯ ಹೆಸರು ಅಡ್ರಿನಾಲಿನ್. ಅದು ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ತೊರೆ ಬಿಡಿಸುವ ಆಕ್ಸಿಟೋಸಿನ್‌ನ ಕೆಲಸಕ್ಕೆ ಅಡ್ಡ ಬರುತ್ತದೆ.

ಕೊಟ್ಟಿಗೆಯಲ್ಲಿ ಜೋರು ಮಾತು ಬೇಡ, ಹೊಡೆಯಬೇಡಿ, ಕರೆಯುವವರನ್ನು ಪದೇ ಪದೇ ಬದಲಿಸಬೇಡಿ ಎಂದು ತರಬೇತಿಗಳಲ್ಲಿ ಹೇಳುತ್ತಲೇ ಬಂದಿದ್ದೇವೆ. ಆದರೆ ಅದೇ ಅಡ್ರಿನಾಲಿನ್ ಆಕಳ ಪಕ್ಕ ಕುಕ್ಕರಗಾಲಲ್ಲಿ ಕುಳಿತವರ ಮೈಯಲ್ಲೂ ಇದೆ ಎಂಬುದನ್ನು ನಾವು ಅಷ್ಟಾಗಿ ಹೇಳಿಲ್ಲ. ಈ ಲೇಖನ ಅವರ ಬಗ್ಗೆ.

ಹಾನಗಲ್ ತಾಲ್ಲೂಕಿನ ಒಂದು ಸಂಘದ ಸದಸ್ಯರೊಬ್ಬರ ಸಂಗತಿ ಇದು. ಹೆಸರು ಬೇಡ, ವಿಷಯ ಬೇಕಾದರೆ ಬರೆಯಿರಿ ಎಂದು ಅವರೇ ಹೇಳಿದ್ದಾರೆ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹಬ್ಬಿದಾಗ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ನಮ್ಮ ಹಾವೇರಿಯೂ ಒಂದು. ಇವರ ಎರಡು ಎಚ್‌ಎಫ್ ಆಕಳಲ್ಲಿ ಒಂದು ಹೋಯಿತು, ಇನ್ನೊಂದು ಬದುಕಿದರೂ ಹಾಲು ಅರ್ಧಕ್ಕೆ ಇಳಿಯಿತು. ಸಾಲ ಹಾಗೇ ಉಳಿಯಿತು. ತಲೆನೋವು, ನಿದ್ದೆ ಇಲ್ಲ ಎಂದು ಆರೋಗ್ಯ ಕೇಂದ್ರಕ್ಕೆ ಹೋದಾಗ ಬಿಪಿ 170/104 ಬಂತು. ವಾರ ಬಿಟ್ಟು ನೋಡಿದರೂ ಇಳಿದಿರಲಿಲ್ಲ. ದಿನಕ್ಕೊಂದು ಮಾತ್ರೆ ಶುರುವಾಯಿತು. ಮರುವರ್ಷ ಬರ, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿದ ವರ್ಷ ಅದು. ಆದರೂ ಹೇಗೋ ದಾಟಿದರು. ಮಗಳ ಮದುವೆ ಮುಗಿಯಿತು, ಸಾಲದ ಕೊನೆಯ ಕಂತು ಕಟ್ಟಿದರು, ಹೊಸ ಆಕಳು ಗಬ್ಬಾಯಿತು. ಮನಸ್ಸು ಹಗುರಾಯಿತು. ಮಾತ್ರೆಯನ್ನೂ ಬಿಟ್ಟರು.

ಕೆಲವು ತಿಂಗಳ ನಂತರ ಒಂದು ನಸುಕಿನಲ್ಲಿ ಹಾಲಿನ ಕ್ಯಾನ್ ಎತ್ತಲು ಹೋದರೆ ಬಲಗೈ ಹಿಡಿತಕ್ಕೆ ಬರಲಿಲ್ಲ. ಹೆಂಡತಿಯನ್ನು ಕರೆದರೆ ಮಾತು ತೊದಲಿತು. ಲಕ್ವ. ಬೇಗ ಕರೆದುಕೊಂಡು ಹೋದದ್ದರಿಂದ ಜೀವ ಉಳಿಯಿತು, ಮಾತು ಬಹುಪಾಲು ಮರಳಿತು. ಬಲಗೈ ಬೆರಳು ಮಾತ್ರ ಇನ್ನೂ ಪೂರ್ತಿ ಮಡಚುವುದಿಲ್ಲ. "ಮಾತ್ರೆ ಯಾಕ ಬಿಟ್ರಿ?" ಎಂದು ಡಾಕ್ಟರು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ: "ಟೆನ್ಶನ್ ಹೋಗಿತ್ರೀ ಸಾಹೇಬ್ರ."

ನನ್ನ ಮಟ್ಟಿಗೆ ನಮ್ಮ ಕಡೆಯ ಬಿಪಿ ಸಮಸ್ಯೆಯ ತಿರುಳು ಆ ಒಂದು ಉತ್ತರದಲ್ಲಿದೆ. ಡಾಕ್ಟರು 'ಹೈಪರ್‌ಟೆನ್ಶನ್' ಎನ್ನುತ್ತಾರೆ, ನಾವು 'ಟೆನ್ಶನ್' ಎಂದು ಕೇಳಿಸಿಕೊಳ್ಳುತ್ತೇವೆ. ಅಲ್ಲಿ ಟೆನ್ಶನ್ ಎಂದರೆ ಮನಸ್ಸಿನ ಚಿಂತೆಯಲ್ಲ, ರಕ್ತನಾಳದ ಗೋಡೆಯ ಮೇಲೆ ಬೀಳುವ ಒತ್ತಡ. ಸಿಟ್ಟು ಬಂದವರಿಗೆ "ಬಿಪಿ ಏರಿಸ್ಕೋಬ್ಯಾಡ" ಎನ್ನುವ ರೂಢಿಯೂ ಸೇರಿ, ಚಿಂತೆ ಇದ್ದರೆ ಬಿಪಿ, ಚಿಂತೆ ಇಲ್ಲದಿದ್ದರೆ ಬಿಪಿ ಇಲ್ಲ ಎಂಬ ಲೆಕ್ಕ ತಲೆಯಲ್ಲಿ ಕೂತಿದೆ. ಈ ಲೆಕ್ಕ ಅರ್ಧ ಸರಿ, ಅರ್ಧ ತಪ್ಪು.

ಸರಿಯಾದ ಅರ್ಧ ಮೊದಲು. ಹೊಲದ ಬದುವಿನ ಜಗಳ, ಕಂತು ಕಟ್ಟೆಂದು ಬಾಗಿಲಲ್ಲಿ ನಿಂತವರು, ಕರು ಅಡ್ಡ ಸಿಕ್ಕಿಕೊಂಡ ರಾತ್ರಿ: ಇಂಥ ಹೊತ್ತಿನಲ್ಲಿ ಮೂತ್ರಪಿಂಡಗಳ ಮೇಲಿರುವ ಚಿಕ್ಕ ಗ್ರಂಥಿಗಳು ಅಡ್ರಿನಾಲಿನ್ ಸುರಿಸುತ್ತವೆ. ಹೃದಯ ಜೋರಾಗಿ ಬಡಿಯುತ್ತದೆ, ನಾಳಗಳು ಬಿಗಿಯುತ್ತವೆ, ಬಿಪಿ ಸರ್ರನೆ ಮೇಲೇರುತ್ತದೆ. ಕಾರ್ಟಿಸಾಲ್ ಎಂಬ ಇನ್ನೊಂದು ಸ್ರಾವ ಮೈಯಲ್ಲಿ ಉಪ್ಪು, ನೀರು ನಿಲ್ಲಿಸಲು ನೆರವಾಗುತ್ತದೆ. ಪ್ರಸಂಗ ಮುಗಿದ ಮೇಲೆ ಇದೆಲ್ಲ ಸಾಮಾನ್ಯವಾಗಿ ಇಳಿಯುತ್ತದೆ. ಆಸ್ಪತ್ರೆಯ ಬಿಳಿ ಕೋಟು ನೋಡಿದರೇ ಬಿಪಿ ಏರುವವರಿದ್ದಾರೆ; ಅದಕ್ಕೇ ಒಂದೇ ಸಲದ ಅಳತೆ ನಂಬಿ ಮಾತ್ರೆ ಕೊಡುವುದು ಕಡಿಮೆ.

ತಪ್ಪಾದ ಅರ್ಧ ಇದು. ಚಿಂತೆ ಒಂದೇ ವರ್ಷಗಟ್ಟಲೆ ನಿಲ್ಲುವ ಬಿಪಿ ತರುತ್ತದೆ ಎಂದು ತಜ್ಞರು ಖಚಿತವಾಗಿ ಹೇಳುವುದಿಲ್ಲ. ವಯಸ್ಸು, ಮನೆತನ, ಉಪ್ಪು, ತೂಕ, ಸಾರಾಯಿ ಇವುಗಳ ಪಾಲು ಹೆಚ್ಚು ಸ್ಪಷ್ಟ. ಆದರೆ ಚಿಂತೆ ಹಿಂಬಾಗಿಲಿಂದ ಬರುತ್ತದೆ. ನಿದ್ದೆ ಕೆಡುತ್ತದೆ. ಎಲೆ-ಅಡಿಕೆಯ ಜೊತೆ ತಂಬಾಕು ದಿನಕ್ಕೆ ನಾಲ್ಕು ಸಲ ಇದ್ದದ್ದು ಹತ್ತಾಗುತ್ತದೆ, ಸಂಜೆಯ ಡೇರಿ ಮುಗಿಸಿದವರ ಕಾಲು ಮನೆಯ ಬದಲು ಅಂಗಡಿಯ ಕಡೆ ತಿರುಗುತ್ತದೆ. ಊಟ ರುಚಿಸದೆ ಉಪ್ಪಿನಕಾಯಿ, ಹಪ್ಪಳ, ಮಿರ್ಚಿಯಲ್ಲಿ ಮುಗಿಯುತ್ತದೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಉಪ್ಪಿಗಿಂತ ಕಡಿಮೆ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ನಮ್ಮ ತಾಟಿನಲ್ಲಿ ಉಪ್ಪಿನಕಾಯಿಯೇ ಅದರ ದೊಡ್ಡ ಪಾಲು ತಿಂದುಬಿಡುತ್ತದೆ. ಹೀಗೆ ಒಮ್ಮೆ ನೆಲೆಯೂರಿದ ಬಿಪಿಗೆ ಸಾಲ ತೀರಿದ್ದು ಗೊತ್ತಾಗುವುದಿಲ್ಲ. ನಾಳಗಳು ಗಡುಸಾಗಿರುತ್ತವೆ. ಮಾತ್ರೆಯಿಂದ ಬಿಪಿ 130ಕ್ಕೆ ಇಳಿದಿದೆ ಎಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ, ಇನ್ನು ಬೇಡ ಎಂದಲ್ಲ. ಕಡಿಮೆ ಮಾಡುವುದು, ಬಿಡುವುದು ಡಾಕ್ಟರು ಹೇಳಿದ ಮೇಲೆ.

ಮನಸ್ಸು ಮತ್ತು ಬಿಪಿಯ ನಂಟಿಗೆ ನಮ್ಮ ದೇಶದ್ದೇ ಒಂದು ಹಳೆಯ ಕಥೆಯೂ ಇದೆ. ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸರ್ಪಗಂಧದ ಬೇರನ್ನು ಬುದ್ಧಿಭ್ರಮಣೆಗೂ ರಕ್ತದೊತ್ತಡಕ್ಕೂ ಮದ್ದಾಗಿ ಬಳಸಬಹುದು ಎಂದು 1931ರಲ್ಲೇ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಬರೆದಿದ್ದರು. 1949ರಲ್ಲಿ ಮುಂಬೈನ ಡಾ. ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳ ಮೇಲಿನ ಫಲಿತಾಂಶವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತು ಕಣ್ಣರಳಿಸಿತು. 1952ರಲ್ಲಿ ಆ ಬೇರಿನಿಂದ ರಿಸರ್ಪಿನ್ ಎಂಬ ಔಷಧವನ್ನು ಬೇರ್ಪಡಿಸಿದರು. ನರದ ತುದಿಗಳಲ್ಲಿ ಕೂಡಿಟ್ಟ, ಅಡ್ರಿನಾಲಿನ್ ಜಾತಿಯದೇ ಆದ ವಸ್ತುವನ್ನು ಅದು ಬರಿದು ಮಾಡುತ್ತಿತ್ತು, ಬಿಪಿ ಇಳಿಯುತ್ತಿತ್ತು. ಆದರೆ ಕೆಲವರಲ್ಲಿ ಮನಸ್ಸೂ ಕುಸಿದು ಖಿನ್ನತೆ ಬರುತ್ತಿತ್ತು. ಇಂದು ಅದಕ್ಕಿಂತ ಸುರಕ್ಷಿತ ಮಾತ್ರೆಗಳು ಬಂದಿವೆ. ಇದನ್ನು ಓದಿ ಯಾರೂ ಬೇರು ಹುಡುಕಿಕೊಂಡು ಕಾಡಿಗೆ ಹೋಗಬೇಡಿ.

ಚಿಂತೆ ಮನೆಯೊಳಗಿನ ಮಾತಾಗಿ ಉಳಿದಿಲ್ಲ ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 2025ರ ಜನವರಿಯಲ್ಲಿ ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳದಿಂದ ಬೇಸತ್ತ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮಾಂಗಲ್ಯ ಉಳಿಸಿಕೊಡಿ ಎಂದು ಮುಖ್ಯಮಂತ್ರಿಗೆ ಅಂಚೆಯಲ್ಲಿ ತಾಳಿಯನ್ನೇ ಕಳಿಸಿದರು. ಮುಂದಿನ ತಿಂಗಳು ಬಲವಂತದ ವಸೂಲಿಯ ವಿರುದ್ಧ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಾಗಿಲಲ್ಲಿ ಬೆದರಿಕೆ ಹಾಕುವವರನ್ನು "ದೀರ್ಘವಾಗಿ ಉಸಿರಾಡಿ" ಎಂಬ ಸಲಹೆಯಿಂದ ಎದುರಿಸಲು ಆಗದು. ಅಂಥ ಕಿರುಕುಳಕ್ಕೆ ಪೊಲೀಸರಿಗೆ ದೂರು ಕೊಡಬಹುದು. ಮನಸ್ಸಿನ ಭಾರಕ್ಕೆ 14416, ಟೆಲಿ ಮಾನಸ್ ಇದೆ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತನಾಡುತ್ತಾರೆ. ಫೋನ್ ಮಾಡಿದರೆ ಹುಚ್ಚು ಎಂದಾರು ಎಂಬ ಅಂಜಿಕೆ ಬೇಡ. ನಿದ್ದೆ ಬಾರದ ರಾತ್ರಿ ಆಕಳ ಮೈ ಸವರುತ್ತ ಕೂರುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆಂದು ನನಗೆ ಗೊತ್ತು. ಅದೂ ಒಳ್ಳೆಯದೇ, ಆದರೆ ಆಕಳು ತಿರುಗಿ ಮಾತನಾಡುವುದಿಲ್ಲ.

ಹಾಲಿನ ಬಣ್ಣ ನೋಡಿ ಫ್ಯಾಟ್ ಹೇಳಲಾಗುವುದಿಲ್ಲವಲ್ಲ, ಹಾಗೆಯೇ ಮುಖ ನೋಡಿ ಬಿಪಿ ಹೇಳಲಾಗುವುದಿಲ್ಲ. 30ರಿಂದ 79 ವಯಸ್ಸಿನ 128 ಕೋಟಿ ಜನರಿಗೆ ಅಧಿಕ ರಕ್ತದೊತ್ತಡ ಇದೆ, ಅವರಲ್ಲಿ ಅರ್ಧದ ಹತ್ತಿರ ಜನಕ್ಕೆ ಅದು ಗೊತ್ತೇ ಇಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಲೆಕ್ಕ. ರಕ್ತದಾನಿಗಳ ಊರೆಂದು ಹೆಸರಾದ ನಮ್ಮ ಅಕ್ಕಿಆಲೂರಿನಂಥ ಕಡೆ ಶಿಬಿರಕ್ಕೆ ಹೋಗುವವರಿಗೆ ಇದು ಸುಲಭ. ಸೂಜಿ ಚುಚ್ಚುವ ಮೊದಲು ಬಿಪಿ ನೋಡಿಯೇ ನೋಡುತ್ತಾರೆ. ಉಳಿದವರು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ಅಳತೆಯೂ ಉಚಿತ, ಮಾತ್ರೆಯೂ ಉಚಿತ.

ಅಳೆಸುವಾಗ ಕ್ಯಾನ್ ಇಳಿಸಿ ಸೈಕಲ್ ನಿಲ್ಲಿಸಿ ನೇರ ಹೋಗಿ ಕೈ ಚಾಚಬೇಡಿ. ಐದು ನಿಮಿಷ ಬೆನ್ನು ಆನಿಸಿ, ಪಾದ ನೆಲಕ್ಕೂರಿ ಕುಳಿತಿರಿ. ಅದಕ್ಕೂ ಅರ್ಧ ಗಂಟೆ ಮೊದಲಿನಿಂದ ಚಹಾ, ತಂಬಾಕು ಬೇಡ. ಮೂತ್ರ ಕಟ್ಟಿಕೊಂಡಿರಬೇಡಿ. ಪಟ್ಟಿ ಬಿಗಿಯುವಾಗ ಮಾತು ಬೇಡ. ಹಾಲಿನ ದರದ ಚರ್ಚೆಯಂತೂ ಬೇಡವೇ ಬೇಡ. ಬೇರೆ ಬೇರೆ ದಿನ ನೋಡಿದರೂ 140/90 ಅಥವಾ ಅದಕ್ಕಿಂತ ಮೇಲೆ ಬಂದರೆ ಅದು ಬಿಪಿ, ನಿಮಗೆ ಚಿಂತೆ ಇರಲಿ ಇಲ್ಲದಿರಲಿ.

ಇನ್ನೊಂದು ಮಾತು ನಮ್ಮ ಕಸುಬಿಗೇ ಸೇರಿದ್ದು. ಕುಕ್ಕರಗಾಲಲ್ಲಿ ಕೂತು ಕರೆದು, ಮೇವಿನ ಹೊರೆ ಹೊತ್ತು ಸೊಂಟ, ಮೊಣಕಾಲು ಹಿಡಿಯುತ್ತದೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತೇವೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ದಿನವೂ ಹೊಟ್ಟೆಗೆ ಹೋದರೆ ಬಿಪಿ ಏರಿಸುತ್ತವೆ, ಬಿಪಿ ಮಾತ್ರೆಯ ಬಲ ಕುಗ್ಗಿಸುತ್ತವೆ, ಮೂತ್ರಪಿಂಡಕ್ಕೂ ಪೆಟ್ಟು. ನೋವಿಗೆ ಏನು ತಿನ್ನುತ್ತಿದ್ದೀರಿ ಎಂಬುದನ್ನು ಡಾಕ್ಟರು ಕೇಳದಿದ್ದರೂ ಹೇಳಿ.

ಮುಖ ಒಂದು ಕಡೆ ವಾಲಿದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಎದೆ ಹಿಂಡಿದಂತಾದರೆ ಲಿಂಬೆ ಶರಬತ್ತು ಕುಡಿಸುತ್ತ, ಇಳಿಯಲಿ ಎಂದು ಕಾಯುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ. ಲಕ್ವದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಸಮಯ ನಾಲ್ಕೂವರೆ ಗಂಟೆ. ಅದರೊಳಗೇ ಹಳ್ಳಿಯಿಂದ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆ ಮುಟ್ಟಬೇಕು.

ಮೊನ್ನೆ ಆ ಸದಸ್ಯರನ್ನು ಮತ್ತೆ ಸಂಘದಲ್ಲಿ ಕಂಡೆ. ಎಡಗೈಯಲ್ಲಿ ಕ್ಯಾನ್ ಹಿಡಿದು ಬಂದಿದ್ದರು. ಮಾತ್ರೆ ಮರೆಯುವುದಿಲ್ಲವೇ ಎಂದೆ. ಮುಂಜಾನೆ ಆಕಳ ಕೆಚ್ಚಲು ತೊಳೆಯುವ ಮೊದಲು ನುಂಗುತ್ತಾರಂತೆ. "ಆಕಳು ಒಂದ ದಿನಾನೂ ಬಿಡಂಗಿಲ್ಲ ನೋಡ್ರಿ, ಹಂಗಾಗಿ ಗುಳಿಗೀನೂ ತಪ್ಪಂಗಿಲ್ಲ" ಎಂದು ಪಾಸ್‌ಪುಸ್ತಕ ಬಿಚ್ಚಿ ತೋರಿಸಿದರು. ಫ್ಯಾಟ್, ಎಸ್‌ಎನ್‌ಎಫ್ ಅಂಕಿಗಳ ಪಕ್ಕದ ಖಾಲಿ ಜಾಗದಲ್ಲಿ, ತಿಂಗಳಿಗೊಂದರಂತೆ, ಅವರ ಬಿಪಿಯನ್ನು ಮಗಳು ಪೆನ್ಸಿಲ್‌ನಲ್ಲಿ ಬರೆದಿದ್ದಳು. ಕೊನೆಯದು 134/84.